ಹಿಡಿದ ಸೇವೆಯನ್ನು ಮುಗಿಸುವುದು ಹೇಗೆ: ಕರೆ ಗುರುತಿಸುವುದರಿಂದ ಹೊಣೆ ಒಪ್ಪಿಸುವವರೆಗೆ

ಜೂನ್‌ನಲ್ಲಿ ಸಂಡೇ ಸ್ಕೂಲ್ ತೆರೆಯುವಾಗ ಮಕ್ಕಳಿಗೆ ಕಲಿಸುತ್ತೇವೆ ಎಂದು ಹಲವರು ಹುರುಪಿನಿಂದ ಹೆಸರು ಕೊಡುತ್ತಾರೆ. ದಸರೆ ರಜೆ ಮುಗಿಯುವ ಹೊತ್ತಿಗೆ ಎರಡು ವಾರಕ್ಕೊಮ್ಮೆ ಬರುತ್ತಾರೆ. ಕ್ರಿಸ್‌ಮಸ್ ಕಾರ್ಯಕ್ರಮ ಆದ ಮೇಲೆ ಬರುವುದೇ ಇಲ್ಲ. ಹಾಸಿಗೆ ಹಿಡಿದ ಹಿರಿಯರ ಮನೆಗೆ ಪ್ರತಿ ವಾರ ಹೋಗುತ್ತೇನೆ ಎಂದವರು ಮೂರನೇ ತಿಂಗಳಿಗೆ ಫೋನಿನಲ್ಲೇ ವಿಚಾರಿಸಿಕೊಳ್ಳುತ್ತಾರೆ. ಇವರು ಭಕ್ತಿ ಕಡಿಮೆಯಾದವರಲ್ಲ. ಕೆಲಸ ಎಲ್ಲಿಗೆ ಮುಗಿಯುತ್ತದೆ ಎಂದು ಗೊತ್ತುಮಾಡಿಕೊಳ್ಳದೆ ಹೊರಟಿರುತ್ತಾರೆ, ಅಷ್ಟೇ. ಎಲ್ಲೆ ಕಾಣದ ಕೆಲಸದಲ್ಲಿ ದಣಿವು ಬರುತ್ತದೆ, ತೃಪ್ತಿ ಬರುವುದಿಲ್ಲ.

ಯೇಸು ಸ್ವಾಮಿ ತಂದೆಗೆ ಮಾಡಿದ ಪ್ರಾರ್ಥನೆಯಲ್ಲಿ (ಯೋಹಾನ 17:4) ನೀನು ಕೊಟ್ಟ ಕೆಲಸವನ್ನು ಮುಗಿಸಿದ್ದೇನೆ ಎನ್ನುತ್ತಾರೆ. ಆ ಹೊತ್ತಿನಲ್ಲೂ ಗಲಿಲಾಯದಲ್ಲಿ ರೋಗಿಗಳಿದ್ದರು, ಹಸಿದವರಿದ್ದರು. ಅವರು ಮುಗಿಸಿದ್ದು ಕಣ್ಣಿಗೆ ಬಿದ್ದ ಕೆಲಸವನ್ನೆಲ್ಲ ಅಲ್ಲ, ತಂದೆ ಕೊಟ್ಟದ್ದನ್ನು. ಕೆಳಗಿನ ಹಂತಗಳೆಲ್ಲ ನಿಂತಿರುವುದು ಈ ವ್ಯತ್ಯಾಸದ ಮೇಲೆ. ಕ್ರಮವನ್ನು ಬಹುಮಟ್ಟಿಗೆ ನೆಹೆಮೀಯನಿಂದ ತೆಗೆದುಕೊಂಡಿದೆ. ಯೆರೂಸಲೇಮಿನ ಗೋಡೆಯನ್ನು 52 ದಿನಗಳಲ್ಲಿ ಮುಗಿಸಿದವನು ಅವನು (ನೆಹೆಮೀಯ 6:15). ಆ ಪುಸ್ತಕದ 13 ಅಧ್ಯಾಯಗಳನ್ನು ಒಂದೇ ಸಲಕ್ಕೆ ಕುಳಿತು ಓದಿಕೊಂಡರೆ ಮುಂದಿನದು ಸುಲಭವಾಗುತ್ತದೆ.

ಮೊದಲು ಕೈಗೆ ಬೇಕಾದವು

ನೂರು ಪುಟದ ಒಂದು ಗೆರೆ ನೋಟ್‌ಬುಕ್. ಸಭೆಯ (ಚರ್ಚಿನ) ಆ ವರ್ಷದ ಆಲ್ಮನಾಕ್, ಇಲ್ಲದಿದ್ದರೆ ಹಬ್ಬ, ರಜೆಗಳಿರುವ ಗೋಡೆ ಕ್ಯಾಲೆಂಡರ್. ಎರಡು ಸತ್ಯವೇದ: ಒಂದು ಪಾಠ ತಯಾರಿಗೆ, ಇನ್ನೊಂದು ನಿಮ್ಮ ಸ್ವಂತ ಓದಿಗೆ. ಒಂದೇ ಪುಸ್ತಕವನ್ನು ಎರಡಕ್ಕೂ ಬಳಸಿದರೆ ಸ್ವಂತ ಓದು ಬಹುಬೇಗ ಪಾಠದ ತಯಾರಿಯಾಗಿಬಿಡುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾಗಿ ಒಬ್ಬ ಜೊತೆಗಾರ ಬೇಕು. ಅರ್ಖಿಪ್ಪ ಎಂಬ ಸೇವಕ ಕರ್ತನಲ್ಲಿ ಹೊಂದಿದ ಸೇವೆಯನ್ನು ನೆರವೇರಿಸಲಿ ಎಂದು ಅಪೊಸ್ತಲ ಪೌಲ ನೇರವಾಗಿ ಅರ್ಖಿಪ್ಪನಿಗೆ ಬರೆಯಲಿಲ್ಲ. ಅವನಿಗೆ ಹೇಳಿರಿ ಎಂದು ಸಭೆಗೆ ಬರೆದ (ಕೊಲೊಸ್ಸೆ 4:17). ತಿಂಗಳಿಗೊಮ್ಮೆ ‘ಎಲ್ಲಿಯವರೆಗೆ ಬಂತು?’ ಎಂದು ಮುಖ ನೋಡಿ ಕೇಳುವ ಒಬ್ಬರನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಅವರು ನಿಮ್ಮ ಗೆಳೆಯರೇ ಆಗಬೇಕಿಲ್ಲ. ನೀವು ಸಬೂಬು ಹೇಳಿದರೆ ಒಪ್ಪದವರಾಗಿದ್ದರೆ ಸಾಕು.

ಹಂತ 1: ಕರೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ

ದೇವರ ಕರೆ ಮೂರು ಪದರಗಳಲ್ಲಿದೆ. ಕ್ರಿಸ್ತನನ್ನು ಹಿಂಬಾಲಿಸುವ ಕರೆ ಎಲ್ಲರಿಗೂ ಒಂದೇ. ಎರಡನೆಯದು ನೀವಿರುವ ಸ್ಥಾನದ್ದು: ತಾಯಿ, ಮಗ, ನರ್ಸ್, ಬಸ್ ಕಂಡಕ್ಟರ್, ಮೇಷ್ಟ್ರು (1 ಕೊರಿಂಥ 7:20, ಕೊಲೊಸ್ಸೆ 3:23). ಮೂರನೆಯದು ಸಭೆಯಲ್ಲೋ ಊರಿನಲ್ಲೋ ನಿಮಗೆ ಒಪ್ಪಿಸಿದ ನಿರ್ದಿಷ್ಟ ಕೆಲಸ. ಮೂರನೆಯದು ಎರಡನೆಯದನ್ನು ತಿಂದುಹಾಕಲು ಬಿಡಬಾರದು. ಸ್ವಂತ ಮನೆಯನ್ನು ನೋಡಿಕೊಳ್ಳಲಾರದವನು ದೇವರ ಸಭೆಯನ್ನು ಹೇಗೆ ನೋಡಿಕೊಂಡಾನು ಎಂದು ಪೌಲ ಕೇಳುವುದು ಇದಕ್ಕೇ (1 ತಿಮೊಥೆ 3:5). ವಯಸ್ಸಾದ ತಂದೆತಾಯಿಯನ್ನು ನೋಡಿಕೊಳ್ಳುವುದೇ ಈ ವರ್ಷದ ನಿಮ್ಮ ಸೇವೆ ಎಂದಾದರೆ ಅದನ್ನೇ ಬರೆಯಿರಿ. ಅದು ಕಡಿಮೆಯದಲ್ಲ, ಮುಂದಿನ ಹಂತಗಳೆಲ್ಲ ಅದಕ್ಕೂ ಅನ್ವಯಿಸುತ್ತವೆ.

ಉಜ್ಜೀವನ ಕೂಟದ ರಾತ್ರಿ ಹೆಸರು ಕೊಡಬೇಡಿ. ಗೋಡೆ ಬಿದ್ದಿರುವ ಸುದ್ದಿ ನೆಹೆಮೀಯನಿಗೆ ತಲುಪಿದ್ದು ಯೆಹೂದಿ ಕಾಲಗಣನೆಯ ಕಿಸ್ಲೇವ್ ತಿಂಗಳಲ್ಲಿ, ತಾನು ಸೇವೆಯಲ್ಲಿದ್ದ ಪಾರಸಿಯ ಅರಸನೆದುರು ಬಾಯಿ ತೆರೆದದ್ದು ನೀಸಾನ್ ತಿಂಗಳಲ್ಲಿ. ನಡುವೆ ಸುಮಾರು ನಾಲ್ಕು ತಿಂಗಳು ಉಪವಾಸ, ಪ್ರಾರ್ಥನೆ. ನೀವು ಕನಿಷ್ಠ ನಾಲ್ಕು ಭಾನುವಾರ ಕಾಯಿರಿ. ಈ ಅವಧಿಯಲ್ಲಿ ಮೂರು ವಿಷಯ ಗಮನಿಸಿ: ಆ ಭಾರ ಮನಸ್ಸಿನಿಂದ ಇಳಿಯಿತೋ ಉಳಿಯಿತೋ, ನೀವು ಹೇಳದೆಯೇ ಬೇರೆ ಯಾರಾದರೂ ಆ ಕೊರತೆಯ ಮಾತೆತ್ತಿದರೋ, ನಿಮ್ಮನ್ನು ಬಲ್ಲ ಇಬ್ಬರು ಹಿರಿಯರು ಈ ಕೆಲಸ ನಿಮ್ಮಿಂದ ಆಗುತ್ತದೆ ಎನ್ನುತ್ತಾರೋ. ಮೂರಕ್ಕೂ ಹೌದು ಎಂದಾದರೆ ಮುಂದೆ ಹೋಗಿ.

ಆಮೇಲೆ ವಾಕ್ಯ ಬರೆಯಿರಿ. ‘ಮಕ್ಕಳ ಮಧ್ಯೆ ಸೇವೆ ಮಾಡುತ್ತೇನೆ’ ಎಂಬುದಕ್ಕೆ ಅಂತ್ಯವಿಲ್ಲ, ಹಾಗಾಗಿ ಅದನ್ನು ಮುಗಿಸಲೂ ಆಗುವುದಿಲ್ಲ. ‘ಜೂನ್ ಮೊದಲ ಭಾನುವಾರದಿಂದ ಏಪ್ರಿಲ್ ಕೊನೆಯ ಭಾನುವಾರದವರೆಗೆ, ಎಂಟರಿಂದ ಹತ್ತು ವರ್ಷದ 12 ಮಕ್ಕಳಿಗೆ ಮಾರ್ಕನ ಸುವಾರ್ತೆಯನ್ನು ಮೊದಲಿನಿಂದ ಕೊನೆಯವರೆಗೆ ಕಲಿಸುತ್ತೇನೆ’: ಇದನ್ನು ಮುಗಿಸಬಹುದು. ಯಾರಿಗೆ, ಏನು, ಎಲ್ಲಿಂದ, ಎಲ್ಲಿಯವರೆಗೆ ಎಂಬ ನಾಲ್ಕೂ ವಾಕ್ಯದಲ್ಲಿರಲಿ. ಒಂದು ಬಿಟ್ಟುಹೋದರೂ ವಾಕ್ಯವನ್ನು ತಿದ್ದಿ.

ಹಂತ 2: ಸಮಯ, ಹಣ ಎಣಿಸಿ

ಗೋಪುರ ಕಟ್ಟುವವನು ಮೊದಲು ಕುಳಿತು ಲೆಕ್ಕ ಹಾಕುವುದಿಲ್ಲವೇ ಎಂದು ಯೇಸು ಸ್ವಾಮಿ ಕೇಳಿದರು (ಲೂಕ 14:28). ನಮ್ಮ ಸಭೆಗಳಲ್ಲಿ ಈ ವಚನದ ಮೇಲೆ ಪ್ರಸಂಗ ಬೇಕಾದಷ್ಟು ಆಗಿವೆ, ಕಾಗದ, ಪೆನ್ನು ಹಿಡಿದು ಕುಳಿತು ಲೆಕ್ಕ ಹಾಕುವವರು ಕಡಿಮೆ. ಹಾಕೋಣ.

ವಾರಕ್ಕೆ 168 ಗಂಟೆ. ದಿನಕ್ಕೆ 7 ಗಂಟೆಯಂತೆ ನಿದ್ದೆ 49. ಆರು ದಿನದ ಕೆಲಸ, ಓಡಾಟ ಸೇರಿ 63. ಅಡುಗೆ, ಸ್ನಾನ, ಊಟ, ಮನೆಗೆಲಸ 21. ಮನೆಯವರೊಂದಿಗೆ ಕಳೆಯುವ ಹೊತ್ತು, ಭಾನುವಾರದ ಆರಾಧನೆ ಸೇರಿ 17. ಸ್ವಂತ ಪ್ರಾರ್ಥನೆ, ಓದು ದಿನಕ್ಕೆ ಅರ್ಧ ಗಂಟೆಯಂತೆ ಮೂರೂವರೆ. ಮದುವೆ, ಮಣ್ಣು, ಜ್ವರ, ಬ್ಯಾಂಕು, ಇಂಥ ಹೇಳದೆ ಬರುವ ಕೆಲಸಗಳಿಗೆ 6. ಉಳಿಯುವುದು ಎಂಟೂವರೆ ಗಂಟೆ. ಇದರಲ್ಲಿ ಅರ್ಧವನ್ನು ಮಾತ್ರ ಸೇವೆಗೆ ಕೊಡಿ, ಅಂದರೆ ವಾರಕ್ಕೆ ಸುಮಾರು ನಾಲ್ಕು ಗಂಟೆ. ಉಳಿದರ್ಧ ವರ್ಷದ ಕಷ್ಟದ ವಾರಗಳಿಗೆ ಬೇಕೇ ಬೇಕಾಗುತ್ತದೆ. ಶಿಫ್ಟ್ ಕೆಲಸದವರು, ಚಿಕ್ಕ ಮಕ್ಕಳಿರುವವರು ಹಾಕಿದರೆ ಎರಡೇ ಗಂಟೆ ಸಿಗಬಹುದು. ಆಗ ಎರಡು ಗಂಟೆಯ ಸೇವೆಯನ್ನೇ ಹಿಡಿಯಿರಿ.

ಸಂಡೇ ಸ್ಕೂಲಿನ ಒಂದು ತರಗತಿಗೆ ತಯಾರಿ 2 ಗಂಟೆ, ತರಗತಿ ಮತ್ತು ಮುಂಚಿನ ಜೋಡಣೆ 1 ಗಂಟೆ, ಒಂದು ಮಗುವಿನ ಮನೆ ಭೇಟಿ 1 ಗಂಟೆ. ನಾಲ್ಕು ಮುಗಿಯಿತು. ಇದರ ಜೊತೆಗೆ ಗಾಯನ ತಂಡ, ಯುವಜನ ಕೂಟದ ಕಾರ್ಯದರ್ಶಿ ಸ್ಥಾನ, ಬುಧವಾರದ ಮನೆ ಪ್ರಾರ್ಥನೆ ಹಿಡಿದವರು ಅರ್ಧದಲ್ಲಿ ಬಿಡುವುದರಲ್ಲಿ ಆಶ್ಚರ್ಯವಿಲ್ಲ. ಒಂದು ಕಾಲಕ್ಕೆ ಒಂದೇ ಮುಖ್ಯ ಸೇವೆ.

ಈಗ ಕ್ಯಾಲೆಂಡರ್ ತೆರೆಯಿರಿ. ಜೂನ್‌ನಿಂದ ಏಪ್ರಿಲ್‌ವರೆಗೆ ಸುಮಾರು 47 ಭಾನುವಾರ. ದಸರೆ ರಜೆ, ಸುಗ್ಗಿ ಹಬ್ಬ, ಕ್ರಿಸ್‌ಮಸ್ ತಾಲೀಮು, ಶಾಲೆಯ ಪರೀಕ್ಷೆ, ಗರಿಗಳ ಭಾನುವಾರ, ಈಸ್ಟರ್ ಇವೆಲ್ಲ ಸೇರಿ 13 ವಾರ ಹೋಗುತ್ತವೆ. ಕೈಯಲ್ಲಿ ಉಳಿಯುವುದು 34. ಮಾರ್ಕನಲ್ಲಿ 16 ಅಧ್ಯಾಯ, ಒಂದಕ್ಕೆ ಎರಡು ಭಾನುವಾರದಂತೆ 32; ಎರಡು ವಾರ ಮಿಕ್ಕುತ್ತದೆ. ಈ ಲೆಕ್ಕ ಹಾಕದೆ 47 ಪಾಠ ಯೋಜಿಸಿದವರು ಜನವರಿಯಲ್ಲಿ ತಾವು ಸೋತೆವು ಎಂದುಕೊಳ್ಳುತ್ತಾರೆ. ಅವರು ಸೋತಿರುವುದಿಲ್ಲ, ಇಲ್ಲದ ಭಾನುವಾರಗಳನ್ನು ಎಣಿಸಿರುತ್ತಾರೆ.

ಹಣದ ಲೆಕ್ಕ ಚಿಕ್ಕದು: ಜೆರಾಕ್ಸ್, ಚಾರ್ಟ್ ಪೇಪರ್, ಬಣ್ಣ, ಬಹುಮಾನ. ಎಷ್ಟು ಸಭೆ ಕೊಡುತ್ತದೆ, ಎಷ್ಟು ನಿಮ್ಮ ಜೇಬಿನಿಂದ ಎಂದು ಮೊದಲೇ ಬರೆಯಿರಿ.

ಕೊನೆಗೆ ಮನೆಯಲ್ಲಿ ಮಾತಾಡಿ. ಗಂಡ ಅಥವಾ ಹೆಂಡತಿಗೆ ಆ ವಾಕ್ಯವನ್ನೂ ಆ ನಾಲ್ಕು ಗಂಟೆಯನ್ನೂ ತೋರಿಸಿ, ಯಾವ ದಿನ ಯಾವ ಹೊತ್ತು ಎಂದು ಹೇಳಿ ಒಪ್ಪಿಗೆ ಪಡೆಯಿರಿ. ‘ದೇವರ ಕೆಲಸ, ಬೇಡ ಅನ್ನಬೇಡ’ ಎಂದು ಬಾಯಿ ಮುಚ್ಚಿಸಿ ಪಡೆದ ಒಪ್ಪಿಗೆ ಬಹಳ ದಿನ ಬಾಳುವುದಿಲ್ಲ.

ಹಂತ 3: ಸ್ಥಳ ನೋಡಿ, ಸಭೆಯಿಂದ ಕಳುಹಿಸಿಕೊಳ್ಳಿ

ಯೆರೂಸಲೇಮಿಗೆ ಬಂದ ನೆಹೆಮೀಯ ಮೂರು ದಿನ ಸುಮ್ಮನಿದ್ದು, ಆಮೇಲೆ ರಾತ್ರಿ ಕೆಲವೇ ಜನರೊಂದಿಗೆ ಗೋಡೆಯ ಸುತ್ತ ಹೋಗಿ ನೋಡಿದ. ಯಾರಿಗೂ ಏನೂ ಹೇಳಲಿಲ್ಲ (ನೆಹೆಮೀಯ 2:11-16). ನೀವೂ ಎರಡು ಭಾನುವಾರ ಆ ತರಗತಿಯಲ್ಲಿ ಹಿಂದೆ ಕುಳಿತು ನೋಡಿ. ಎಷ್ಟು ಮಕ್ಕಳಿಗೆ ಕನ್ನಡ ಓದಲು ಬರುತ್ತದೆ? ಬೆಂಗಳೂರಿನ ಎಷ್ಟೋ ಸಭೆಗಳಲ್ಲಿ ಮಕ್ಕಳು ಕನ್ನಡ ಮಾತಾಡುತ್ತಾರೆ, ಸತ್ಯವೇದದ ಸಾಲು ಓದಲು ತಡವರಿಸುತ್ತಾರೆ. ಇದು ತಿಳಿಯದೆ ‘ಸರದಿಯಲ್ಲಿ ಒಂದೊಂದು ವಚನ ಓದಿ’ ಎಂದರೆ ಆ ಮಗು ಮುಂದಿನ ವಾರ ಬರುವುದಿಲ್ಲ.

ಆಮೇಲೆ ಅಯ್ಯನವರನ್ನು, ಅಂದರೆ ಸಭಾಪಾಲಕರನ್ನು, ಕಾಣಿ. ಕಥೋಲಿಕ ಸಭೆಯಾದರೆ ಧರ್ಮಕೇಂದ್ರದ ಗುರುಗಳನ್ನು. ಅರಸ ನೆಹೆಮೀಯನನ್ನು ಎಷ್ಟು ದಿನ ಬೇಕು, ಯಾವಾಗ ಹಿಂದಿರುಗುತ್ತೀ ಎಂದು ಕೇಳಿದ. ಅವನು ಅವಧಿ ಹೇಳಿದ, ಮರಕ್ಕೆ ಪತ್ರ ಕೇಳಿ ಪಡೆದ (2:6-8). ನೀವು ಕೇಳಬೇಕಾದದ್ದು ಐದು: ಅವಧಿ, ಯಾರಿಗೆ ವರದಿ, ಖರ್ಚಿನ ಮಿತಿ, ನೀವು ಬರಲಾಗದ ದಿನ ಯಾರು, ಅವಧಿ ಮುಗಿದಾಗ ಯಾರಿಗೆ ಒಪ್ಪಿಸುವುದು. ಐದನೆಯದನ್ನು ಮೊದಲ ದಿನವೇ ಕೇಳಿ, ಕಮಿಟಿಯ ನಡಾವಳಿಯಲ್ಲಿ ಒಂದು ಸಾಲು ಬರೆಸಿ. ಅಂತಿಯೋಕ್ಯದ ಸಭೆ ಬಾರ್ನಬ, ಸೌಲ (ಪೌಲ) ಇವರ ಮೇಲೆ ಕೈಯಿಟ್ಟು ಕಳುಹಿಸಿತು (ಕೃತ್ಯಗಳು 13:3). ಆರಾಧನೆಯ ಕೊನೆಯಲ್ಲಿ ಒಂದು ನಿಮಿಷ ನಿಮಗಾಗಿ ಪ್ರಾರ್ಥಿಸಲು ಕೇಳುವುದಕ್ಕೆ ಸಂಕೋಚ ಬೇಡ.

ಹಂತ 4: ವಾರದ ಅಳತೆಗೆ ತುಂಡು ಮಾಡಿ

ನೆಹೆಮೀಯ ಮೂರನೇ ಅಧ್ಯಾಯ ಬರೀ ಹೆಸರುಗಳ ಪಟ್ಟಿ ಎಂದು ದಾಟಿಬಿಡುತ್ತೇವೆ. ಕೆಲಸ ಮುಗಿದದ್ದರ ಕಾರಣ ಅಲ್ಲೇ ಇದೆ: ಹಲವರು ತಮ್ಮ ತಮ್ಮ ಮನೆಯ ಎದುರಿನ ಭಾಗವನ್ನು ಕಟ್ಟಿದರು (3:10, 23, 28-30). ಇಡೀ ಗೋಡೆ ಯಾರೊಬ್ಬರ ತಲೆಯ ಮೇಲೂ ಇರಲಿಲ್ಲ.

ಆಯುಷ್ಯವಿಡೀ ಹಿಡಿಯುವ ಕರೆಗೂ ಇದೇ ಕ್ರಮ. 1853ರಲ್ಲಿ ಬಾಸೆಲ್ ಮಿಷನ್ ಮೂಲಕ ಬಂದ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು, ಸುಮಾರು 70,000 ಪದಗಳದ್ದು, ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಅದಕ್ಕೆ ಮೊದಲು ಶಬ್ದಮಣಿದರ್ಪಣದ ಸಂಪಾದನೆ 1872ರಲ್ಲಿ, ನಾಗವರ್ಮನ ಛಂದೋಂಬುಧಿಯದ್ದು 1875ರಲ್ಲಿ ಮುಗಿದಿದ್ದವು. ದೊಡ್ಡದರ ದಾರಿಯಲ್ಲಿ ಚಿಕ್ಕವು ಮುಗಿಯುತ್ತ ಹೋದವು. ನಿಮ್ಮ ಕರೆ ಇಪ್ಪತ್ತು ವರ್ಷದ್ದಾದರೆ ಅದನ್ನು ಒಂದೊಂದು ವರ್ಷದ, ಮುಗಿಯುವ ಕೆಲಸಗಳಾಗಿ ಒಡೆಯಿರಿ.

*ಸಂಡೇ ಸ್ಕೂಲಿನ ವಾರ.* ಸೋಮವಾರ ರಾತ್ರಿ ಭಾಗವನ್ನು ಮೂರು ಸಲ ಓದಿ, ಅಷ್ಟೇ. ಬುಧವಾರ ಒಂದು ಗಂಟೆ: ಮಕ್ಕಳು ಕೇಳಬಹುದಾದ ಐದು ಪ್ರಶ್ನೆ ಬರೆಯಿರಿ, ಮುಖ್ಯ ಮಾತನ್ನು ಒಂದೇ ವಾಕ್ಯಕ್ಕೆ ಇಳಿಸಿ. ಶುಕ್ರವಾರ ಕಥೆಯನ್ನು ಪುಸ್ತಕ ಮುಚ್ಚಿ ಗಟ್ಟಿಯಾಗಿ ಹೇಳಿ ನೋಡಿ. ಶನಿವಾರ ಸಾಮಾನು ಚೀಲಕ್ಕೆ ಹಾಕುವುದು ಬಿಟ್ಟು ಬೇರೇನೂ ಬೇಡ. ಶನಿವಾರ ರಾತ್ರಿ ಹತ್ತಕ್ಕೆ ತಯಾರಿ ಶುರುಮಾಡುವ ಅಭ್ಯಾಸದಿಂದಲೇ ಹೆಚ್ಚಿನವರು ಸೋಲುತ್ತಾರೆ.

ತರಗತಿಯ 45 ನಿಮಿಷ ಹೀಗಿರಲಿ: ಹಾಜರಿ, ಹಾಡು 5, ಕಳೆದ ವಾರದ್ದು 5, ಕಥೆ 15, ಪ್ರಶ್ನೆ, ಮಾತುಕತೆ 10, ಕಂಠಪಾಠ 5, ಪ್ರಾರ್ಥನೆ 5. ಕಥೆ 30 ನಿಮಿಷಕ್ಕೆ ಎಳೆಯುವುದು ಸಾಮಾನ್ಯ ತಪ್ಪು. ಮಾರ್ಕ 4ರ ಬಿರುಗಾಳಿಯ ಪಾಠವನ್ನೇ ತೆಗೆದುಕೊಳ್ಳಿ. ದೋಣಿಯ ಹಿಂಭಾಗ, ತಲೆದಿಂಬು, ನೀರು ತುಂಬುತ್ತಿರುವ ದೋಣಿ ಎಲ್ಲವೂ ವಚನದಲ್ಲೇ ಇವೆ. ಅವನ್ನು ಕಾಣಿಸಿ, ಶಿಷ್ಯರ ಪ್ರಶ್ನೆ ಕೇಳಿಸಿ, ನಿಲ್ಲಿಸಿ. ‘ಆದ್ದರಿಂದ ಮಕ್ಕಳೇ ನಾವು ಹೆದರಬಾರದು’ ಎಂದು ಐದು ಸಲ ಹೇಳುವುದಕ್ಕಿಂತ ‘ನಿಮಗೆ ಯಾವಾಗ ಭಯವಾಗುತ್ತದೆ?’ ಎಂದು ಒಂದು ಸಲ ಕೇಳಿ ಕಾಯುವುದು ಮೇಲು. ಮೊದಲ ಉತ್ತರ ಬರಲು ಅರ್ಧ ನಿಮಿಷ ಹಿಡಿಯುತ್ತದೆ. ಆ ಮೌನವನ್ನು ನೀವೇ ತುಂಬಬೇಡಿ.

*ಹಿರಿಯರ ಮನೆ ಭೇಟಿ.* ವಾರಕ್ಕೆ ಎರಡು ಮನೆ, ಹೆಚ್ಚಲ್ಲ. ಮುಂಚೆ ಫೋನ್ ಮಾಡಿ, ಸಂಜೆ ನಾಲ್ಕೂವರೆಯ ಮೇಲೆ ಹೋಗಿ, ಇಪ್ಪತ್ತೈದು ನಿಮಿಷಕ್ಕೆ ಎದ್ದುಬಿಡಿ. ಯಾವ ಕಿವಿ ಚೆನ್ನಾಗಿ ಕೇಳುತ್ತದೆ ಎಂದು ಮೊದಲ ಸಲವೇ ತಿಳಿದು ಆ ಕಡೆಗೆ ಕುಳಿತುಕೊಳ್ಳಿ. ಕೀರ್ತನೆ 121ರಂಥ ಚಿಕ್ಕದನ್ನು, ಎಂಟೇ ವಚನ, ನಿಧಾನವಾಗಿ ಓದಿ. ಎಷ್ಟೋ ಅಜ್ಜಿಯರು ಜೊತೆಗೇ ಬಾಯಿಪಾಠ ಹೇಳುತ್ತಾರೆ. ಆಗ ನೀವು ದನಿ ತಗ್ಗಿಸಿ ಅವರಿಗೆ ಬಿಟ್ಟುಕೊಡಿ. ಪ್ರಸಂಗ ಬೇಡ. ಪ್ರಾರ್ಥನೆ ಮೂರು ನಿಮಿಷದೊಳಗೆ ಮುಗಿಯಲಿ, ಅದರಲ್ಲಿ ಅವರ ಮಕ್ಕಳು, ಮೊಮ್ಮಕ್ಕಳ ಹೆಸರು ಬರಲಿ. ಒಂದು ಮನೆಯ ಮಾತನ್ನು ಇನ್ನೊಂದು ಮನೆಗೆ ಒಯ್ದರೆ ಅಲ್ಲಿಗೆ ಆ ಸೇವೆ ಮುಗಿದಂತೆ. ಕರ್ತನ ಭೋಜನ ಬೇಕೆಂದು ಕೇಳಿದರೆ ಅದೇ ದಿನ ಅಯ್ಯನವರಿಗೆ ತಿಳಿಸಿ. ಹೊರಗೆ ಬಂದ ಕೂಡಲೇ ನೋಟ್‌ಬುಕ್ಕಿನಲ್ಲಿ ದಿನಾಂಕ, ಒಂದು ಸಾಲು: ಮಂಡಿ ನೋವು, ಮಗ ದುಬೈನಿಂದ ಮೇ ತಿಂಗಳಿಗೆ ಬರುತ್ತಾನೆ. ಮುಂದಿನ ವಾರ ‘ಮಂಡಿ ಹೇಗಿದೆ ಅಮ್ಮಾ?’ ಎಂದು ಕೇಳಿದಾಗ ಅವರ ಮುಖ ಅರಳುವುದಕ್ಕೆ ಕಾರಣ ಆ ಒಂದು ಸಾಲು.

ಹಂತ 5: ಮಕ್ಕಳು, ಹಣ — ಇವೆರಡರಲ್ಲಿ ರಿಯಾಯಿತಿ ಇಲ್ಲ

ಮಗುವಿನೊಂದಿಗೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬೇಡಿ. ತರಗತಿಯಲ್ಲಿ ಇಬ್ಬರು ದೊಡ್ಡವರು, ಬಾಗಿಲು ತೆರೆದಿರಲಿ. ಮನೆಗೆ ಬಿಡುವಾಗ, ಪ್ರವಾಸದಲ್ಲೂ ಇದೇ ನಿಯಮ. ಮಗುವಿಗೆ ಲೈಂಗಿಕ ದೌರ್ಜನ್ಯ ಆಗಿದೆ ಎಂದು ತಿಳಿದರೆ ‘ಸಭೆಯೊಳಗೇ ಸರಿಮಾಡೋಣ’ ಎಂಬ ಮಾತಿಗೆ ಜಾಗವಿಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ತಿಳಿಸದಿರುವುದು ಅಪರಾಧ. ಮಕ್ಕಳ ಸಹಾಯವಾಣಿ 1098.

ಕಾಣಿಕೆಯನ್ನು ಒಂದೇ ಮನೆಯವರಲ್ಲದ ಇಬ್ಬರು ಅದೇ ದಿನ ಎಣಿಸಿ, ಪುಸ್ತಕದಲ್ಲಿ ಬರೆದು, ಇಬ್ಬರೂ ಸಹಿ ಮಾಡಿ, ಮರು ಕೆಲಸದ ದಿನ ಬ್ಯಾಂಕಿಗೆ ಕಟ್ಟಬೇಕು. ಪಿಕ್ನಿಕ್ ಹಣವನ್ನು ನಿಮ್ಮ ಸ್ವಂತ ಫೋನ್‌ಪೇ ನಂಬರಿಗೆ ಹಾಕಿಸಿಕೊಳ್ಳಬೇಡಿ. ನಿಮ್ಮ ಪ್ರಾಮಾಣಿಕತೆ ಇಲ್ಲಿ ಪ್ರಶ್ನೆಯಲ್ಲ. ಕೊಟ್ಟವರಿಗೆ ಲೆಕ್ಕ ಕಾಣಬೇಕು. ಮನುಷ್ಯರ ದೃಷ್ಟಿಯಲ್ಲೂ ಸರಿಯಾಗಿರಬೇಕು ಎಂದು ಪೌಲ ಕಾಣಿಕೆಯ ಹಣವನ್ನು ಒಬ್ಬನೇ ಒಯ್ಯಲಿಲ್ಲ (2 ಕೊರಿಂಥ 8:19-21).

ಹಂತ 6: ಅರ್ಧದಾರಿಯ ಕುಸಿತಕ್ಕೆ ಸಿದ್ಧರಾಗಿ

ಗೋಡೆ ಅರ್ಧ ಎತ್ತರಕ್ಕೆ ಬಂದದ್ದು ನೆಹೆಮೀಯ 4:6ರಲ್ಲಿ. ಹೊರೆಯಾಳುಗಳ ಬಲ ಕುಂದಿದೆ, ಕಸಕಲ್ಲು ಬಹಳ, ನಮ್ಮಿಂದಾಗದು ಎಂಬ ದೂರು 4:10ರಲ್ಲಿ. ಶುರುವಿನಲ್ಲೂ ಅಲ್ಲ, ಕೊನೆಯಲ್ಲೂ ಅಲ್ಲ, ಸರಿಯಾಗಿ ಅರ್ಧದಲ್ಲಿ. ನಿಮಗೂ ಅಕ್ಟೋಬರ್, ನವೆಂಬರಿನಲ್ಲಿ ಇದು ಬರುತ್ತದೆ. ಬಂದಾಗ ಕರೆಯೇ ಸುಳ್ಳೇನೋ ಎಂದು ಅನುಮಾನಿಸುವ ಮೊದಲು ಈ ಲಕ್ಷಣಗಳನ್ನು ನೋಡಿಕೊಳ್ಳಿ:

- ಸತ್ಯವೇದ ತೆರೆಯುವುದು ಪಾಠಕ್ಕಾಗಿ ಮಾತ್ರ ಆಗಿದೆ.
- ಅಯ್ಯನವರ ನಂಬರ್ ಮೊಬೈಲಿನಲ್ಲಿ ಕಂಡರೆ ಎತ್ತಲು ಮನಸ್ಸಿಲ್ಲ.
- ಭಾನುವಾರ ಮಧ್ಯಾಹ್ನ ಮನೆಯವರ ಮೇಲೆ ಸಿಡುಕು.
- ‘ನಾನಿಲ್ಲದಿದ್ದರೆ ಇದು ನಡೆಯುವುದೇ ಇಲ್ಲ’ ಎಂಬ ಮಾತು ಪದೇಪದೇ ಬಾಯಿಗೆ ಬರುತ್ತಿದೆ.
- ಪಕ್ಕದ ತರಗತಿಯ ಹಾಜರಿ ಎಷ್ಟೆಂದು ಕುತೂಹಲ, ನಿಮ್ಮದರ ಬಗ್ಗೆ ಲೆಕ್ಕಾಚಾರ.

ನಾಲ್ಕನೆಯದು ಎಲ್ಲಕ್ಕಿಂತ ಅಪಾಯದ್ದು, ಏಕೆಂದರೆ ಅದು ಶ್ರದ್ಧೆಯ ವೇಷದಲ್ಲಿ ಬರುತ್ತದೆ. ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ನ್ಯಾಯ ತೀರಿಸುತ್ತಿದ್ದ ಮೋಶೆಗೆ ಮಾವ ಇತ್ರೋ ಹೇಳಿದ್ದು, ಇದರಿಂದ ನೀನೂ ಬಳಲುತ್ತೀ, ಜನರೂ ಬಳಲುತ್ತಾರೆ ಎಂದು (ವಿಮೋಚನಕಾಂಡ 18:18).

ಮಾಡಬೇಕಾದದ್ದು ಕ್ರಮವಾಗಿ: ಮೊದಲು ದೇಹ. ಜಾಲಿಗಿಡದ ಕೆಳಗೆ ಸಾಯಲು ಬಯಸಿದ ಪ್ರವಾದಿ ಎಲೀಯನಿಗೆ ದೂತನು ಉಪದೇಶ ಮಾಡಲಿಲ್ಲ. ಎರಡು ಸಲ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ, ನಡುವೆ ಮಲಗಲು ಬಿಟ್ಟ (1 ಅರಸುಗಳು 19:5-8). ಎರಡು ವಾರ ಸರಿಯಾಗಿ ನಿದ್ದೆ ಮಾಡಿ, ಬದಲಿಗೆ ಒಪ್ಪಿಕೊಂಡಿದ್ದವರಿಗೆ ಒಂದು ತರಗತಿ ಕೊಡಿ. ಎರಡನೆಯದು ಕಸಕಲ್ಲು ತೆಗೆಯುವುದು: ಸೇವೆಗೆ ಅಂಟಿಕೊಂಡ ಅನವಶ್ಯಕ ಕೆಲಸಗಳ ಪಟ್ಟಿ ಮಾಡಿ. ದಿನಕ್ಕೆ ಎರಡು ಸಲ ವಾಟ್ಸಾಪ್ ಗುಂಪಿಗೆ ವಚನದ ಚಿತ್ರ ಹಾಕುವುದು ನಿಮ್ಮ ವಾಕ್ಯದಲ್ಲಿತ್ತೇ? ಇಲ್ಲದಿದ್ದರೆ ಬಿಡಿ. ಮೂರನೆಯದು ಜೊತೆಗಾರರನ್ನು ಕಂಡು ಉಳಿದ ಭಾನುವಾರಗಳನ್ನು ಮತ್ತೆ ಎಣಿಸುವುದು. ಪಾಠ ಹಿಂದೆ ಬಿದ್ದಿದ್ದರೆ ಮಾರ್ಕ 13ನ್ನು ಈ ವಯಸ್ಸಿನವರಿಗೆ ಒಂದೇ ವಾರಕ್ಕೆ ಇಳಿಸಬಹುದು. ಯೇಸುವಿನ ಮರಣ, ಪುನರುತ್ಥಾನದ ಭಾಗವಾದ 14ರಿಂದ 16 ಮಾತ್ರ ಕತ್ತರಿಸಬೇಡಿ.

ಇಷ್ಟು ಮಾಡಿಯೂ ಆರು ವಾರ ನಿದ್ದೆ ಇಲ್ಲ, ಅಳು ತಡೆಯದು, ಬದುಕೇ ಬೇಡ ಅನ್ನಿಸುತ್ತಿದೆ ಎಂದಾದರೆ ಅದು ಸೇವೆಯ ದಣಿವಲ್ಲ. ಬದುಕು ಬೇಡ ಅನ್ನಿಸಿದರಂತೂ ಒಂದು ದಿನವೂ ಕಾಯದೆ ವೈದ್ಯರನ್ನು ಕಾಣಿ. ಪ್ರಾರ್ಥನೆಯೂ ಔಷಧವೂ ಒಟ್ಟಿಗೆ ನಡೆಯಬಹುದು. ಟೆಲಿ ಮಾನಸ್ ಸಹಾಯವಾಣಿ 14416.

ಹಂತ 7: ‘ಇಳಿದು ಬಾ’ ಎನ್ನುವವರಿಗೆ ಉತ್ತರ ಇಟ್ಟುಕೊಳ್ಳಿ

ಓನೋ ಬಯಲಿಗೆ ಬಾ ಎಂದು ನೆಹೆಮೀಯನನ್ನು ನಾಲ್ಕು ಸಲ ಕರೆದರು, ನಾಲ್ಕು ಸಲವೂ ಅವನದು ಒಂದೇ ಉತ್ತರ: ದೊಡ್ಡ ಕೆಲಸದಲ್ಲಿದ್ದೇನೆ, ಇಳಿದು ಬರಲಾರೆ (6:2-4). ಅವನನ್ನು ಕರೆದವರು ವೈರಿಗಳು. ನಿಮ್ಮನ್ನು ಕರೆಯುವವರು ಹೆಚ್ಚಾಗಿ ಪ್ರೀತಿಯವರು, ಆದ್ದರಿಂದಲೇ ಕಷ್ಟ. ಮಾತು ಸಿದ್ಧವಿರಲಿ: ‘ಏಪ್ರಿಲ್‌ವರೆಗೆ ಈ ಮಕ್ಕಳನ್ನು ಒಪ್ಪಿಕೊಂಡಿದ್ದೇನೆ ಅಂಕಲ್, ಅಲ್ಲಿಯವರೆಗೆ ಬೇರೆ ಹಿಡಿಯುವುದಿಲ್ಲ.’ ಕಾರಣಗಳ ಪಟ್ಟಿ ಕೊಡಬೇಡಿ. ಪ್ರತಿ ಕಾರಣಕ್ಕೂ ಅವರಲ್ಲಿ ಪರಿಹಾರವಿರುತ್ತದೆ.

ಎಲ್ಲ ಅಡ್ಡಿಯೂ ಓನೋ ಅಲ್ಲ ಎಂಬುದನ್ನೂ ನೆನಪಿಡಿ. ಐದನೇ ಅಧ್ಯಾಯದಲ್ಲಿ ಸಾಲಕ್ಕೆ ಹೊಲ, ಮಕ್ಕಳನ್ನು ಕಳೆದುಕೊಂಡವರ ಕೂಗು ಕೇಳಿದಾಗ ಅದೇ ನೆಹೆಮೀಯ ದೊಡ್ಡ ಸಭೆ ಕೂಡಿಸಿ ಮೊದಲು ಅದನ್ನು ಸರಿಪಡಿಸಿದ. ನಿಮ್ಮ ಸೇವೆಯಿಂದಲೇ ಯಾರಿಗೋ ಅನ್ಯಾಯವಾಗುತ್ತಿದೆ ಎಂಬ ದೂರು ಬಂದರೆ ಅದೇ ವಾರ ಕೇಳಿ ಬಗೆಹರಿಸಿ.

ಹಂತ 8: ನಿಲ್ಲಿಸಲೇಬೇಕಾದರೆ

ವರ್ಗಾವಣೆ, ಹೆರಿಗೆ, ಕಾಯಿಲೆ, ಮನೆಯ ಕಷ್ಟ: ಇವು ಅಪನಂಬಿಗಸ್ತಿಕೆ ಅಲ್ಲ. ಹೇಳದೆ ನಿಂತುಬಿಡುವುದು ಮಾತ್ರ ತಪ್ಪು. ಸಾಧ್ಯವಿದ್ದಷ್ಟು ಮುಂಚೆ, ನಾಲ್ಕು ವಾರವಾದರೂ ಮೊದಲು ಅಯ್ಯನವರಿಗೆ ತಿಳಿಸಿ. ಎಲ್ಲಿಯವರೆಗೆ ಆಗಿದೆ ಎಂದು ಒಂದು ಪುಟ ಬರೆದುಕೊಡಿ. ಮಕ್ಕಳಿಗೆ ನೀವೇ ಬಾಯಾರೆ ಹೇಳಿ.

ಈಗಾಗಲೇ ಹೇಳದೆ ಬಿಟ್ಟು ಸಭೆಗೆ ಮುಖ ತೋರಿಸಲು ಹಿಂಜರಿಯುತ್ತಿರುವವರು ಮಾರ್ಕ ಎನಿಸಿಕೊಂಡ ಯೋಹಾನನನ್ನು ನೋಡಿ. ಪೌಲನ ಜೊತೆ ಸೇವೆಗೆ ಹೊರಟು ಪಂಫುಲ್ಯದಲ್ಲಿ ಬಿಟ್ಟುಹೋದ (ಕೃತ್ಯಗಳು 13:13), ಅವನ ವಿಷಯದಲ್ಲಿ ಪೌಲ, ಬಾರ್ನಬರು ಬೇರೆಯಾದರು, ಕೊನೆಗೆ ಅದೇ ಪೌಲ ಮಾರ್ಕನನ್ನು ಕರೆದುಕೊಂಡು ಬಾ, ಸೇವೆಗೆ ಉಪಯುಕ್ತನು ಎಂದು ಬರೆದ (2 ತಿಮೊಥೆ 4:11). ಹೋಗಿ ಕ್ಷಮೆ ಕೇಳಿ, ಬಾಕಿ ಲೆಕ್ಕ, ಪುಸ್ತಕ ಒಪ್ಪಿಸಿ. ಹೊಸ ಕೆಲಸ ಕೇಳುವುದು ಆಮೇಲೆ.

ಹಂತ 9: ಒಪ್ಪಿಸಿಕೊಡಿ

ಗೋಡೆ ಮುಗಿದ ಕೂಡಲೇ ನೆಹೆಮೀಯ ಯೆರೂಸಲೇಮನ್ನು ಹನಾನೀ, ಹನನ್ಯರ ವಶಕ್ಕೆ ಕೊಟ್ಟ, ಬಾಗಿಲು ಎಷ್ಟು ಹೊತ್ತಿಗೆ ತೆರೆಯಬೇಕು ಎಂಬುದನ್ನೂ ಹೇಳಿದ (7:1-3). ಅಷ್ಟು ವಿವರವಾಗಿ ಒಪ್ಪಿಸಬೇಕು. ಫೈಲಿನಲ್ಲಿ ಇರಬೇಕಾದವು: ಮಕ್ಕಳ ಹೆಸರು, ತಂದೆತಾಯಿಯ ಫೋನ್, ಹಾಜರಿ ಪುಸ್ತಕ, ಯಾವ ಪಾಠ ಯಾವ ದಿನ, ಉಳಿದ ಹಣ ಮತ್ತು ರಸೀದಿ, ಯಾವ ಮಗುವಿಗೆ ಏನು ಗಮನ ಬೇಕು ಎಂಬ ಒಂದೊಂದು ಸಾಲು. ಮನೆಯವರು ಗುಟ್ಟಾಗಿ ಹೇಳಿದ್ದನ್ನು ಫೈಲಿಗೆ ಹಾಕಬೇಡಿ.

ಕೊನೆಯ ಮೂರು ಭಾನುವಾರ ಹೊಸಬರೊಂದಿಗೆ ನಡೆಸಿ: ಮೊದಲ ವಾರ ಅವರು ನೋಡಲಿ, ಎರಡನೇ ವಾರ ಅರ್ಧ ಅವರು ಮಾಡಲಿ, ಮೂರನೇ ವಾರ ಪೂರ್ತಿ ಅವರೇ. ಅದಾದ ಮೇಲೆ ಮೂರು ತಿಂಗಳು ಆ ತರಗತಿಯ ಕಡೆ ಹಣಿಕಿ ನೋಡಬೇಡಿ. ಅವರು ಹಾಡಿನ ಪದ್ಧತಿ ಬದಲಿಸಿದರೂ ಸುಮ್ಮನಿರಿ; ಕೇಳಿದರೆ ಮಾತ್ರ ಹೇಳಿ. ನೆಟ್ಟವನು ಒಬ್ಬ, ನೀರು ಹೊಯ್ದವನು ಇನ್ನೊಬ್ಬ (1 ಕೊರಿಂಥ 3:6).

ಹಂತ 10: ಮುಗಿಯಿತೆಂದು ಹೇಳಿ, ಸ್ತೋತ್ರ ಮಾಡಿ, ವಿಶ್ರಮಿಸಿ

ಇದನ್ನು ಬಿಟ್ಟುಬಿಡುವವರೇ ಹೆಚ್ಚು. ಯೆರೂಸಲೇಮಿನವರು ಗೋಡೆಯ ಪ್ರತಿಷ್ಠೆಯನ್ನು ಎರಡು ಗಾಯಕ ತಂಡಗಳೊಂದಿಗೆ ಮಾಡಿದರು, ಹೆಂಗಸರು, ಮಕ್ಕಳು ಸೇರಿ ಸಂತೋಷಪಟ್ಟರು, ಆ ಸದ್ದು ದೂರದವರೆಗೆ ಕೇಳಿಸಿತು (12:31-43). ಏಪ್ರಿಲ್ ಕೊನೆಯ ಭಾನುವಾರ ಮಕ್ಕಳು ಕಲಿತ ಒಂದು ಭಾಗವನ್ನು ಆರಾಧನೆಯಲ್ಲಿ ಹೇಳಲಿ. ನೋಟ್‌ಬುಕ್ಕಿನ ಮೊದಲ ಪುಟದ ಆ ವಾಕ್ಯದ ಕೆಳಗೆ ಆದದ್ದು, ಆಗದೆ ಉಳಿದದ್ದು, ದೇವರಿಗೆ ಸ್ತೋತ್ರ ಹೇಳಬೇಕಾದದ್ದು ಎಂದು ಮೂರು ಸಾಲು ಬರೆದು ದಿನಾಂಕ ಹಾಕಿ. 12 ಮಕ್ಕಳಲ್ಲಿ 7 ಮಂದಿ ಉಳಿದಿದ್ದರೆ 7 ಎಂದೇ ಬರೆಯಿರಿ. ಯೇಸು ಸ್ವಾಮಿ ಹೇಳಿದ ಸಾಮ್ಯದಲ್ಲಿ ಐದು ತಲಾಂತು (ಹಣ) ಗಳಿಸಿದವನಿಗೂ ಎರಡು ಗಳಿಸಿದವನಿಗೂ ಯಜಮಾನ ಹೇಳಿದ ಮಾತು ಒಂದೇ (ಮತ್ತಾಯ 25:21, 23).

ಮುಗಿದ ವಾರವೇ ಸಂತೋಷ ಉಕ್ಕುತ್ತದೆ ಎಂದೇನಿಲ್ಲ. ಮೊದಲ ಎರಡು ಮೂರು ಭಾನುವಾರ ಕೈ ಖಾಲಿ ಅನ್ನಿಸುವುದು ಸಹಜ. ಆ ಖಾಲಿತನ ತುಂಬಲು ಥಟ್ಟನೆ ಇನ್ನೊಂದನ್ನು ಹಿಡಿದರೆ ಮುಗಿಸಿದ್ದರ ತೃಪ್ತಿ ಒಳಗಿಳಿಯುವುದೇ ಇಲ್ಲ. ಸೇವೆಯಿಂದ ಹಿಂದಿರುಗಿದ ಶಿಷ್ಯರನ್ನು ಯೇಸು ಸ್ವಾಮಿ ಏಕಾಂತ ಸ್ಥಳಕ್ಕೆ ಬಂದು ಸ್ವಲ್ಪ ದಣಿವಾರಿಸಿಕೊಳ್ಳಿ ಎಂದು ಕರೆದರು (ಮಾರ್ಕ 6:31). ಎರಡು ತಿಂಗಳು ಆರಾಧನೆಗೆ ಬರೀ ಆರಾಧಕರಾಗಿ ಹೋಗಿ, ಮನೆಯವರ ಪಕ್ಕದಲ್ಲಿ ಕುಳಿತುಕೊಳ್ಳಿ. ಈ ನಡುವೆ ಹೊಸ ಸೇವೆಗೆ ಯಾರಾದರೂ ಕೇಳಿದರೆ ಅವರ ಹೆಸರು, ದಿನಾಂಕ, ಕೇಳಿದ ಕೆಲಸ ಬರೆದಿಟ್ಟುಕೊಂಡು, ಜುಲೈಯಲ್ಲಿ ಉತ್ತರ ಕೊಡುತ್ತೇನೆ ಎನ್ನಿ. ಆ ಉತ್ತರಕ್ಕೂ ಹಂತ 1ರಿಂದಲೇ ಶುರುಮಾಡಬೇಕು.